ಏಳನೆಯ ಕಾಲಂ

ಅರ್ಜಿಯ ಏಳನೆಯ ಕಾಲಂ ಬರೆದವಳು ನಾನೇ.
‘ಮರಳಲು ಕಾರಣ’, ಮುಂದೆ ಒಂದೂವರೆ ಗೆರೆ ಜಾಗ.
ಬ್ರೂನ್ಸ್ ಸಾಹೇಬರು ಹೇಳಿದ್ದರು:
ಹೆಚ್ಚು ಜಾಗ ಬಿಟ್ಟರೆ ಜನ ಹೆಚ್ಚು ಬರೆಯುತ್ತಾರೆ,
ಬರೆದದ್ದನ್ನು ಆಮೇಲೆ ಯಾರಾದರೂ ಓದಬೇಕಾಗುತ್ತದೆ.

‘ಸ್ವಇಚ್ಛೆಯಿಂದ’ ಎಂಬ ಒಂದು ಪದಕ್ಕೆ
ಮೂರು ಮಂಗಳವಾರ ಸಭೆ ನಡೆಯಿತು.
ಕಾನೂನಿನವರಿಗೆ ಅದು ಬೇಕೇ ಬೇಕು.
ಲೆಕ್ಕದವರಿಗೂ ಬೇಕು:
ಪೊಲೀಸರು ಪಕ್ಕದಲ್ಲಿ ಕೂತು ಕರೆದೊಯ್ಯುವ ವಿಮಾನಕ್ಕಿಂತ
ತಾನಾಗಿ ಹತ್ತುವ ವಿಮಾನ ಅಗ್ಗ.
ಇರಗೊಡದ ಮನೆಯಿಂದ ಎದ್ದು ಹೋದರೆ
ಅದು ಯಾರ ಇಚ್ಛೆ, ಎಂದೆ.
ಒಳ್ಳೆಯ ಪ್ರಶ್ನೆ, ಎಂದರು ಬ್ರೂನ್ಸ್.
ಕಾಫಿ ಆರುತ್ತಿದೆ, ಎಂದರು.

ಫೆಬ್ರವರಿಯಲ್ಲಿ ಬಂದ ಸಂಕುಂಗ್ ಜಬ್ಬಿ,
ಗ್ಯಾಂಬಿಯಾ ನದಿಯ ಮೇಲ್ದಂಡೆ, ಬಾಸ್ಸೆ ಪೇಟೆಯವ.
ಬ್ರೆಮೆನ್ನಿನಲ್ಲಿ ಆರು ವರ್ಷ:
ನಾಲ್ಕು, ಹೋಟೆಲುಗಳ ಹೊದಿಕೆ ಒಗೆಯುವ ಯಂತ್ರಗಳ ನಡುವೆ,
ಎರಡು, ಬಾರದ ಕಾಗದದ ದಾರಿ ಕಾಯುತ್ತ.
ಪಟ್ಟಿ ಓದಿ ಹೇಳಿದೆ. ದುಭಾಷಿ ಕುಂಬಾ
ಒಂದೊಂದೇ ಸಾಲನ್ನು ಅವನ ಮಾತಿಗೆ ದಾಟಿಸಿದಳು.
ಟಿಕೆಟ್ಟು. ದಾರಿಖರ್ಚು.
ಊರಲ್ಲಿ ಕಸುಬು ಹೂಡಲು ಸಾಮಾನು,
ನಗದಲ್ಲ, ಸಾಮಾನು;
ಅದಕ್ಕೆ ಮೂರು ಬೇರೆ ಬೇರೆ ಅಂಗಡಿಗಳ ದರಪಟ್ಟಿ.
ಅವನು ನಕ್ಕುಬಿಟ್ಟ.
“ಹೊಲಿಗೆ ಯಂತ್ರ ಮಾರುವವನು ನಮ್ಮ ಬೀದಿಗೆ ಒಬ್ಬನೇ,
ನನ್ನ ಸೋದರಮಾವ.
ಬೇಕಾದರೆ ಮೂರು ಹೆಸರಲ್ಲಿ ಬರೆದುಕೊಟ್ಟಾನು.
ಅಕ್ಷರ ಮಾತ್ರ ಒಂದೇ ಇರುತ್ತದೆ.”

ಎಂಟನೆಯ ಕಾಲಂ:
ಮುಖದ ಭಾವಚಿತ್ರ ಎರಡು,
ಹಿನ್ನೆಲೆ ಬಿಳಿ, ನಗು ಸಲ್ಲದು.
ಅವನು ಪೆನ್ನು ಕೆಳಗಿಟ್ಟ.
“ಯಾವ ಮುಖ ಹೊತ್ತು ಹೋಗಲಿ ಅಂತ
ಎರಡು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.
ಒಂದೂ ಸಿಕ್ಕಿಲ್ಲ.
ನೀವು ಎರಡು ಕೇಳುತ್ತೀರಿ.”

ಆಮೇಲೆ, ಕೇಳದೆಯೇ, ಹೇಳಿದ:
“ಕಳಿಸುವಾಗ ಮೂರು ಹಸು ಮಾರಿದರು.
ಈಗ ಲೆಕ್ಕ ಯಾರೂ ಕೇಳುವುದಿಲ್ಲ. ಅದೇ ಕಷ್ಟ.
ಬರುತ್ತಾರೆ, ಕೈ ಹಿಡಿಯುತ್ತಾರೆ,
ಹಿಡಿದ ಕೈಯಲ್ಲಿ ಏನಾದರೂ ಇರಬೇಕು, ಮೇಡಂ,
ಒಂದು ಸೋಪಾದರೂ.”

ಆ ರಾತ್ರಿ ಕರಡಿಗೆ ಒಂದು ಸಾಲು ಸೇರಿಸಿದೆ:
ಉಡುಗೊರೆಗೆಂದು ಇನ್ನೂರು ಯೂರೋ, ರಸೀದಿ ಬೇಡ.
ಸಮರ್ಥನೆ: ಮೊದಲ ಸಂಜೆಯ ಮರ್ಯಾದೆ.
ಮರ್ಯಾದೆಯ ಕೆಳಗೆ ಬ್ರೂನ್ಸರ ಪೆನ್ಸಿಲು
ಎರಡು ಬಾರಿ ಗೆರೆ ಎಳೆದಿತ್ತು,
ಅಂಚಿನಲ್ಲಿ: ಇದನ್ನು ಅಳೆಯುವುದು ಹೇಗೆ?

ಕಿಲೋಗಳಲ್ಲಿ, ಎಂದುಕೊಂಡೆ.
ಅಳಿಸಿ ಬರೆದೆ: ಹೆಚ್ಚುವರಿ ಲಗೇಜು, ಹದಿನೈದು ಕೆಜಿ.
ಯಾರೂ ಪ್ರಶ್ನೆ ಎತ್ತಲಿಲ್ಲ.
ಮೂರನೆಯ ಅನುಬಂಧದ ಕೊನೆಯಲ್ಲಿ
ಅದು ಇಂದಿಗೂ ಇದೆ,
ಬೇರೆಯವರ ಕೋಟು ತೊಟ್ಟು ಮದುವೆಮನೆ ಹೊಕ್ಕವನಂತೆ
ಸದ್ದಿಲ್ಲದೆ ಗೋಡೆಗೊರಗಿ.

ಹ್ಯಾಂಬರ್ಗ್ ವಿಮಾನ ನಿಲ್ದಾಣಕ್ಕೆ ಹೋಗುವುದು ನನ್ನ ಕೆಲಸವಲ್ಲ.
ಹೋದೆ.
ತಕ್ಕಡಿಯ ಮೇಲೆ ಅವನ ಬದುಕು ಐದು ಕೆಜಿ ಹೆಚ್ಚು ತೂಗಿತು.
ನೆಲದ ಮೇಲೆ ಬಿಚ್ಚಿದ:
ಹೋಟೆಲು ಬೇಡವೆಂದ ಬಿಳಿ ಟವೆಲುಗಳು,
ಸೋಪು, ಮತ್ತೂ ಸೋಪು,
ತಂಗಿಗೆ ಇಸ್ತ್ರಿಪೆಟ್ಟಿಗೆ, ಅಮ್ಮನಿಗೊಂದು ಗೋಡೆ ಗಡಿಯಾರ
(ಅದಾಗಲೇ ಬಾಸ್ಸೆಯ ವೇಳೆಯಲ್ಲಿ ನಡೆಯುತ್ತಿತ್ತು).
ತನ್ನ ಅಂಗಿಗಳನ್ನು ಹೊರತೆಗೆದ.
ಮೂರು ಅಲ್ಲೇ ತೊಟ್ಟುಕೊಂಡ, ಒಂದರ ಮೇಲೊಂದು.
ಉಳಿದವು ನನ್ನ ಕೈಗೆ.
ದಪ್ಪಗಾಗಿದ್ದ, ಚೆಲುವಾಗಿ ಕಂಡ,
ಸುಖವಾಗಿ ಉಂಡು ಬಂದವನ ಹಾಗೆ.

ಕಚೇರಿಯಲ್ಲಿ ಅವನ ಕಡತ ಮುಚ್ಚಲು ಕೂತೆ.
ಏಳನೆಯ ಕಾಲಂನಲ್ಲಿ,
ನಾನೇ ಅಳೆದು ಬಿಟ್ಟ ಒಂದೂವರೆ ಗೆರೆಯಲ್ಲಿ,
ಮರಳಲು ಕಾರಣ ಎಂಬಲ್ಲಿ,
ದುಂಡಗೆ, ಶಾಲೆಯ ಅಕ್ಷರದಲ್ಲಿ ಬರೆದಿದ್ದ:
ಹೌದು.

ಕಂಪ್ಯೂಟರು ಒಪ್ಪುವುದಿಲ್ಲ.
ಐದು ಕಾರಣಗಳನ್ನು ತೋರಿಸಿ, ಒಂದನ್ನು ಆರಿಸು ಎನ್ನುತ್ತದೆ.
ಮೇ ತಿಂಗಳು ಬಂತು.
ಕಡತ ಇನ್ನೂ ತೆರೆದೇ ಇದೆ,
ಅಂಗಿಗಳು ಕೆಳಗಿನ ಡ್ರಾಯರಿನಲ್ಲಿ.